ಬಾಗಿಲಲ್ಲಿ ಚಪ್ಪಾಳೆ

ದೊಡ್ಡಪ್ಪ ಹೊಸಿಲು ದಾಟಿ ಒಂದು ಕಾಲು ಒಳಗಿಟ್ಟರೋ ಇಲ್ಲವೋ, ಮನೆ ತುಂಬ ಉಸಿರು ಬಿಗಿಹಿಡಿದು ನಿಂತಿದ್ದ ನೆರೆಹೊರೆ ಬಳಗದವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಬೆಚ್ಚಿಬಿದ್ದು ಎರಡೂ ಕೈಯನ್ನು ತಲೆಗೆ ಅಡ್ಡ ಹಿಡಿದರು, ಸೂರೇ ಕುಸಿದು ಬೀಳುತ್ತಿದೆಯೇನೋ ಅನ್ನುವ ಹಾಗೆ. ಚಪ್ಪಾಳೆ ನಿಲ್ಲಲಿಲ್ಲ. ಅವರು ಮೂಗಿನಿಂದ ಒಮ್ಮೆ ಉಸಿರೆಳೆದು ನೋಡಿದರು. ಹಸಿ ಬಣ್ಣದ ವಾಸನೆ. ಕಾಲಿನಿಂದ ನೆಲ ಸವರಿದರು. ಜಾರುವ ಹೊಸ ಹಾಸು. ಬಲಗೈ ಚಾಚಿ ಗೋಡೆಯ ಮೇಲೆ ಏನನ್ನೋ ತಡಕಿದರು, ಸಿಗಲಿಲ್ಲ. ಆಮೇಲೆ ಕೈ ಮುಗಿದು, "ಕ್ಷಮಿಸಬೇಕು, ತಪ್ಪಿ ಬೇರೆಯವರ ಮನೆಗೆ ಬಂದುಬಿಟ್ಟೆ ಅನ್ಸುತ್ತೆ," ಅಂದು ಹಿಂದಕ್ಕೆ ತಿರುಗಿದರು.

ಎಲ್ಲರೂ ಗೊಳ್ಳೆಂದು ನಕ್ಕರು. ಆಸ್ಪತ್ರೆಯಿಂದ ಬಂದ ದಿನವೂ ತಮಾಷೆ ಬಿಡಲಿಲ್ಲವಲ್ಲ ಮುದುಕರು ಅಂದುಕೊಂಡರು.

ನಗದೆ ಇದ್ದವಳು ಒಬ್ಬಳೇ, ಎಲ್ಲರಿಗಿಂತ ಮುಂದೆ ನಿಂತಿದ್ದ ಜೆರಾಕ್ಸ್ ಅಕ್ಕ. ಅವಳ ಅಂಗೈಗಳು ಒಂದಕ್ಕೊಂದು ತಾಗುವ ಮೊದಲೇ ಗಾಳಿಯಲ್ಲಿ ನಿಂತುಹೋದವು. ದೊಡ್ಡಪ್ಪನಿಗೆ ಕಣ್ಣು ಕಾಣುವುದಿಲ್ಲ. ಹುಟ್ಟಿದಂದಿನಿಂದ ಕಾಣುವುದಿಲ್ಲ. ಇದೇನು ಅವಳಿಗೆ ಯಾರೋ ಬಂದು ಹೇಳಬೇಕಾದ ಸಂಗತಿಯಲ್ಲ. ಅವಳು ಅವರ ಒಡಹುಟ್ಟಿದ ತಮ್ಮನ ಮಗಳು. ಆದರೂ ಅದು ಅವಳಿಗೆ ನೆನಪಾದದ್ದು ಈಗ, ಗೋಡೆಗೆ ಬಣ್ಣ ಬಳಿದು, ಸಾಮಾನೆಲ್ಲ ಸ್ಥಳ ಬದಲಾಯಿಸಿ, ಹಳೆಯದನ್ನೆಲ್ಲ ಗುಜರಿಗೆ ಕಳಿಸಿ ಆದ ಮೇಲೆ.

ಇಷ್ಟು ದೊಡ್ಡ ವಿಷಯ ಮರೆಯುವಷ್ಟು ದಡ್ಡಿಯೇ ಅವಳು ಎಂದು ನೀವು ಕೇಳಬಹುದು. ದಡ್ಡಿಯಲ್ಲ. ಆ ಪೇಟೆಯಲ್ಲಿ ಅವಳಷ್ಟು ಚುರುಕಾದವರು ಇನ್ನೊಬ್ಬರಿರಲಿಲ್ಲ, ತೊಂದರೆ ಶುರುವಾದದ್ದೇ ಅಲ್ಲಿ.

ಅಕ್ಕನದ್ದು ಪೇಟೆಯ ತಿರುವಿನಲ್ಲಿ ಜೆರಾಕ್ಸ್ ಅಂಗಡಿ. ನೆರೆಹೊರೆ ಬಳಗ ಹುಟ್ಟಿದ್ದು ಆ ಅಂಗಡಿಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತ ನಾಲ್ಕೈದು ಜನರ ಬಾಯಲ್ಲಿ. ಬರೀ ಮಾತಾಡಿದರೆ ಏನು ಬಂತು, ಏನಾದರೂ ಮಾಡೋಣ ಅಂದರು. ಮಾಡಿದರು ಕೂಡ. ಹಳೇ ಬಟ್ಟೆ ಕೂಡಿಸಿ ಹಂಚಿದರು, ರಸ್ತೆ ಬದಿ ಗಿಡ ನೆಟ್ಟರು, ಒಬ್ಬರೇ ಇರುವವರ ಮನೆಗೆ ಸಹಾಯಕ್ಕೆ ಜನ ಕಳಿಸಿದರು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರು. ಒಳ್ಳೆಯ ಕೆಲಸವೇ, ಆದರೆ ಬಳಗ ಬೆಳೆಯಲಿಲ್ಲ. ಬಂದವರು ಎರಡು ವಾರ ಬಂದು ಮೂರನೆಯ ವಾರ ತಲೆನೋವು ಅಂದರು. ಅಕ್ಕ ಅಂಗಡಿಯಲ್ಲಿ ತಾನೇ ಮುದ್ರಿಸಿದ ಕರಪತ್ರ ಹಿಡಿದು ಮನೆ ಮನೆ ತಿರುಗಿದಳು. ಜನ ಕರಪತ್ರವನ್ನು ಮಡಚಿ ಕಾಲು ಕುಂಟುವ ಮೇಜಿನ ಕೆಳಗೆ ಇಟ್ಟುಕೊಂಡರು.

ಹೀಗಿರುವಾಗ ನಿವೃತ್ತ ನರ್ಸಮ್ಮನ ಮನೆಯ ಸರದಿ ಬಂತು. ನರ್ಸಮ್ಮ ತಂಗಿಯ ಮನೆಗೆ ಹೋಗಿದ್ದರು. ಪಕ್ಕದವರ ಹತ್ತಿರ ಕೀಲಿ ಇತ್ತು. ಬಳಗದವರು ಒಂದು ಭಾನುವಾರ ಒಳಗೆ ನುಗ್ಗಿ ಮನೆಯನ್ನು ತೊಳೆದು, ಬಳಿದು, ಮುರುಕಲು ಸಾಮಾನು ಹೊರಗೆಸೆದು ಹೊಸದರ ಹಾಗೆ ಮಾಡಿಟ್ಟರು. ಸಂಜೆ ನರ್ಸಮ್ಮ ಬಾಗಿಲು ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಕಣ್ಣಿಂದ ದಳದಳ ನೀರು. ಮಾತೇ ಹೊರಡಲಿಲ್ಲ. ಅದನ್ನು ನೋಡಿದವರ ಎದೆಯೆಲ್ಲ ತುಂಬಿ ಬಂತು, ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮುಂದಿನ ವಾರ ಬಂದವರ ಸಂಖ್ಯೆ ಇಮ್ಮಡಿ.

ಅಕ್ಕನಿಗೆ ಅಲ್ಲೇ ಹೊಳೆಯಿತು. ಜನ ಸೇವೆಗೆ ಬರುವುದಿಲ್ಲ, ಆ ಮುಖ ನೋಡುವುದಕ್ಕೆ ಬರುತ್ತಾರೆ. ಅಂದಿನಿಂದ ಬಳಗಕ್ಕೆ ಒಂದು ಪದ್ಧತಿ ಆಯಿತು. ವಾರಕ್ಕೊಂದು ಭಾನುವಾರದ ಮನೆ. ಮನೆಯವರು ಊರಲ್ಲಿರಬಾರದು. ಮೊದಲು ಕೊಳಕಿನ ಫೋಟೊ, ಆಮೇಲೆ ಕೆಲಸ, ಕೊನೆಗೆ ಬಾಗಿಲ ಹತ್ತಿರ ಎಲ್ಲರೂ ಸಾಲಾಗಿ ನಿಲ್ಲುವುದು. ಹಿಂದೆ ಶಾಲೆಯಲ್ಲಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಬೆಂಡೆತ್ತುತ್ತಿದ್ದ ಡ್ರಿಲ್ ಮಾಸ್ತರು ಈಗ ಬಳಗದ ಕಾರ್ಯದರ್ಶಿ; ಅವರು ಕೈ ಎತ್ತಿದರೆ ಚಪ್ಪಾಳೆ, ಇಳಿಸಿದರೆ ನಿಲ್ಲಬೇಕು. ಯಾರಾದರೂ ಒಬ್ಬರು ವಿಡಿಯೊ ಹಿಡಿಯಬೇಕು. ನರ್ಸಮ್ಮನ ಕಣ್ಣೀರಿನ ಫೋಟೊವನ್ನು ಅಕ್ಕ ದೊಡ್ಡದು ಮಾಡಿ ಅಂಗಡಿಯ ಗಾಜಿಗೆ ಅಂಟಿಸಿದಳು. ಕೆಳಗೆ ಬರೆದದ್ದು: ಇದು ಆನಂದದ ಕಣ್ಣೀರು, ನೀವೂ ಬನ್ನಿ. ಜನ ಬಂದರು, ಬರುತ್ತಲೇ ಇದ್ದರು. ಬಳಗದ ಸಭೆಗೆ ಅಂಗಡಿ ಮೆಟ್ಟಿಲು ಸಾಲದೆ ಶಾಲೆಯ ಹಾಲ್ ಕೇಳಬೇಕಾಯಿತು.

ಇನ್ನು ದೊಡ್ಡಪ್ಪನ ವಿಷಯ. ಅವರು ಕುರ್ಚಿಗೆ ಬೆತ್ತ ಹೆಣೆಯುವವರು. ಮದುವೆಯಾಗಲಿಲ್ಲ, ಯಾರ ಮನೆಯಲ್ಲೂ ಇರಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು, ಒಬ್ಬರೇ ಬಟ್ಟೆ ಒಗೆದುಕೊಂಡು, ಕೋಲು ಹಿಡಿದು ರಸ್ತೆ ದಾಟಿ ಅಂಗಡಿಗೆ ಬಂದು, "ಏನಮ್ಮಾ, ನಿನ್ನ ಮೆಷಿನ್ನು ಕೆಮ್ತಾ ಇದೆ, ಒಂದ್ಸಲ ಬಿಚ್ಚಿ ನೋಡಿಸು," ಅನ್ನುವವರು. ರಸ್ತೆಯಲ್ಲಿ ಯಾರಾದರೂ ಕೈ ಹಿಡಿಯಲು ಬಂದರೆ, "ನಿಮಗೆ ದಾಟೋಕೆ ಭಯ ಆಗ್ತಿದ್ರೆ ಹೇಳಿ, ನಾನು ದಾಟಿಸ್ತೀನಿ," ಅಂದು ಮುಂದೆ ನಡೆಯುವವರು. ಇಂಥವರ ಜೊತೆ ಹುಟ್ಟಿ ಬೆಳೆದವಳಿಗೆ ಅವರ ಕುರುಡು ಅನ್ನುವುದು ಅವರ ಎತ್ತರದ ಹಾಗೆ, ದನಿಯ ಹಾಗೆ ಒಂದು ಗುಣವಾಗಿ ಉಳಿದಿತ್ತೇ ಹೊರತು ಕುರುಡಾಗಿ ಉಳಿದಿರಲಿಲ್ಲ.

ಅವರು ಹರ್ನಿಯಾ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಾಗ ಊರಿನ ಇಂಥ ಬಳಗಗಳನ್ನೆಲ್ಲ ನೋಡಿಕೊಳ್ಳುವ ಒಕ್ಕೂಟದ ಹಿರಿಯರು ಮುಂದಿನ ಭಾನುವಾರ ಬಳಗವನ್ನು ನೋಡಲು ಬರುವುದಿತ್ತು. ಬಳಗ ಮೆಚ್ಚಿಗೆಯಾದರೆ ಬೇರೆ ಬಡಾವಣೆಗಳಲ್ಲೂ ಶಾಖೆ ತೆಗೆಯುತ್ತಾರೆ, ಎಲ್ಲಕ್ಕೂ ಅಕ್ಕನೇ ಮುಂದಾಳು. ಆ ಭಾನುವಾರಕ್ಕೆ ಗೊತ್ತಾಗಿದ್ದ ಮನೆಯವರು ಕೊನೆ ಗಳಿಗೆಯಲ್ಲಿ ಪ್ರವಾಸ ರದ್ದು ಮಾಡಿ ಮನೆಯಲ್ಲೇ ಕೂತರು. ಅಕ್ಕನಿಗೆ ಖಾಲಿ ಮನೆಯೊಂದು ಬೇಕಿತ್ತು. ಆಸ್ಪತ್ರೆಗೆ ಹೋಗಿ, "ದೊಡ್ಡಪ್ಪ, ಮನೆ ಕೀಲಿ ಕೊಡಿ, ಸ್ವಲ್ಪ ಗುಡಿಸಿ ಒರೆಸಿ ಇಡ್ತೀವಿ," ಅಂದಳು. ಅವರು ದಿಂಬಿನ ಕೆಳಗಿಂದ ತೆಗೆದು ಕೊಟ್ಟರು, ಒಂದು ಮಾತೂ ಕೇಳಲಿಲ್ಲ.

ಆಮೇಲೆ ನಡೆದದ್ದನ್ನು ಈಗ ಹೇಳುವುದಕ್ಕೇ ಮೈ ಜುಮ್ಮೆನ್ನುತ್ತದೆ. ಗೋಡೆಗೆ ತಿಳಿ ನೀಲಿಯೋ ನಿಂಬೆ ಹಳದಿಯೋ ಎಂದು ಅಷ್ಟು ಜನ ಅರ್ಧ ಗಂಟೆ ಚರ್ಚೆ ಮಾಡಿದರು. ಕೊನೆಗೆ ಪೇಂಟರು, "ಅವರಿಗೆ ಯಾವುದು ಇಷ್ಟ?" ಅಂದಾಗ ಅಕ್ಕ, "ನೀಲಿ, ಕಣ್ಣಿಗೆ ತಂಪು," ಅಂದಳು. ಮಂಚದಿಂದ ಬಚ್ಚಲವರೆಗೆ ಗೋಡೆಗುಂಟ ಸೊಂಟದ ಎತ್ತರಕ್ಕೆ ಒಂದು ಗಂಟುಗಂಟಾದ ಹುರಿ ಬಿಗಿದಿತ್ತು. ಹೊಸದಾಗಿ ಸೇರಿದ ಹೆಂಗಸೊಬ್ಬಳು ಇದೇನು ಅಂತ ಕೇಳಿದಳು. "ಬಟ್ಟೆ ಒಣಗಿಸೋಕೆ ಇರಬೇಕು, ಬಿಚ್ಚಿ," ಅಂದಳು ಅಕ್ಕ. ಸೊಂಟದ ಎತ್ತರಕ್ಕೆ ಯಾರು ತಾನೇ ಬಟ್ಟೆ ಒಣಹಾಕುತ್ತಾರೆ? ಬಿಚ್ಚಿದರು. ಬಾಗಿಲ ಪಕ್ಕ ಕೋಲು ನೇತುಹಾಕುವ ಮೊಳೆ ಕಿತ್ತು ಸಿಮೆಂಟು ತುಂಬಿದರು. ಒಲೆಯ ಮುಂದಿದ್ದ ಗೋಣಿತಾಟು, ಬಚ್ಚಲ ಬಾಗಿಲಲ್ಲಿದ್ದ ಒರಟು ಕಲ್ಲು, ಎಲ್ಲ ಹೊರಗೆ. ಒಂದು ರಬ್ಬರ್ ಸುತ್ತಿದ ಡಬ್ಬಿಯಲ್ಲಿ ಉಪ್ಪು, ಎರಡು ಸುತ್ತಿದ್ದರಲ್ಲಿ ಸಕ್ಕರೆ, ನಗ್ಗಿದ ಡಬ್ಬಿಯಲ್ಲಿ ಚಹಾಪುಡಿ ಇತ್ತು; ಅದನ್ನೆಲ್ಲ ಒಂದೇ ಅಳತೆಯ ಚೆಂದದ ಗಾಜಿನ ಜಾಡಿಗಳಿಗೆ ಸುರಿದು, ಅಕ್ಕ ತನ್ನ ಅಂಗಡಿಯಲ್ಲೇ ಮುದ್ರಿಸಿದ ಚೀಟಿ ಅಂಟಿಸಿದಳು. ಉಪ್ಪು. ಸಕ್ಕರೆ. ಚಹಾಪುಡಿ. ಅಕ್ಷರ ದುಂಡಗೆ, ದೂರದಿಂದಲೂ ಓದುವ ಹಾಗೆ. ಕಿಟಕಿಯ ಹತ್ತಿರ ಅರ್ಧ ಹೆಣೆದಿಟ್ಟಿದ್ದ ಯಾರದೋ ಕುರ್ಚಿಯಿಂದ ನೇತಾಡುತ್ತಿದ್ದ ಬೆತ್ತದ ಎಳೆಗಳನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದರು.

ಒಬ್ಬರಿಗೂ ಹೊಳೆಯಲಿಲ್ಲವೇ? ಅರ್ಧಕ್ಕರ್ಧ ಜನರಿಗೆ ದೊಡ್ಡಪ್ಪನ ಗುರುತಿತ್ತು. ಅಕ್ಕ ಇದ್ದಾಳಲ್ಲ, ಅವಳ ಸ್ವಂತ ದೊಡ್ಡಪ್ಪ, ಅವಳಿಗೆ ಗೊತ್ತಿರುತ್ತೆ ಬಿಡು ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಅಕ್ಕ ಏನು ಅಂದುಕೊಂಡಳು? ಅವಳು ಒಕ್ಕೂಟದ ಹಿರಿಯರು ಎಲ್ಲಿ ನಿಂತರೆ ಆ ಮುಖ ಚೆನ್ನಾಗಿ ಕಾಣುತ್ತದೆ ಅಂತ ಲೆಕ್ಕ ಹಾಕುತ್ತಿದ್ದಳು.

ಆ ಮುಖ ಈಗ ಎದುರಿಗಿತ್ತು. ಡ್ರಿಲ್ ಮಾಸ್ತರು ಕೈ ಇಳಿಸಿದರು. ಚಪ್ಪಾಳೆ ನಿಂತಿತು.

"ದೊಡ್ಡಪ್ಪ," ಅಂದಳು ಅಕ್ಕ. ಅವಳ ಗಂಟಲಿಂದ ಹೊರಟದ್ದು ಅವಳಿಗೇ ಕೇಳಿಸಲಿಲ್ಲ.

ಅವರಿಗೆ ಕೇಳಿಸಿತು. ಹೊರಗೆ ಇಟ್ಟ ಕಾಲನ್ನು ಮತ್ತೆ ಒಳಗೆ ತಂದರು. "ನೀನಾ? ಹಾಗಾದ್ರೆ ಇದು..." ಅಂದು ನಿಲ್ಲಿಸಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು. ಕೋಲನ್ನು ಅಭ್ಯಾಸಬಲದಿಂದ ಮೊಳೆ ಇದ್ದ ಜಾಗಕ್ಕೆ ಒತ್ತಿ ಕೈ ಬಿಟ್ಟರು. ಕೋಲು ಹೊಸ ಹಾಸಿನ ಮೇಲೆ ಬಿದ್ದು ಉರುಳಿಕೊಂಡು ಹೋಯಿತು. ಅವರು ಹುಡುಕಲಿಲ್ಲ, ಎಲ್ಲಿ ನಿಂತಿದ್ದರೋ ಅಲ್ಲೇ ನಿಂತರು.

ಒಕ್ಕೂಟದ ಹಿರಿಯರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. "ಎಷ್ಟೋ ಬಳಗ ನೋಡಿದೀನಿ," ಅಂದರು, "ಇಂಥ ಮುಖ ನೋಡಿರಲಿಲ್ಲ. ಸಂತೋಷಕ್ಕೆ ಮಾತೇ ನಿಂತುಹೋಗಿದೆ ನೋಡಿ." ಅಕ್ಕನ ಕೈ ಕುಲುಕಿ, ಶಾಖೆಗಳ ವಿಷಯ ನಿಶ್ಚಯವಾಯಿತು ಅಂತಲೇ ತಿಳಿಯಿರಿ ಅಂದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅಕ್ಕ ನಿಂತಿದ್ದಳು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದೊಡ್ಡಪ್ಪನನ್ನು ಕುರ್ಚಿಯೊಂದರಲ್ಲಿ ಕೂರಿಸಿ, ಬಳಗದವರು ಅವರ ಸುತ್ತ ನಿಂತು ಫೋಟೊ ತೆಗೆಸಿಕೊಂಡರು. ಅವರು ಎಲ್ಲರಿಗೂ ಕೈ ಮುಗಿದರು. ಬಹಳ ಉಪಕಾರ ಆಯಿತು ಅಂದರು.

ಎಲ್ಲರೂ ಹೋದ ಮೇಲೆ ಅವರು ಮೆಲ್ಲನೆ ಕೇಳಿದ್ದು ಒಂದೇ ಮಾತು. "ನನ್ನನ್ನ ಯಾವ ಕಡೆ ಮುಖ ಮಾಡಿ ಕೂರಿಸಿದೀರಿ?"

ಅಕ್ಕನಿಗೆ ಅಳು ಒತ್ತರಿಸಿ ಬಂತು. ಎಲ್ಲ ಮೊದಲಿನ ಹಾಗೆ ಮಾಡಿಬಿಡುತ್ತೇನೆ, ಒಂದು ಗಂಟೆ ಸಾಕು ಎಂದು ಸೆರಗು ಸಿಕ್ಕಿಸಿ ಎದ್ದಳು. ಎದ್ದವಳು ಕೋಣೆಯ ಮಧ್ಯೆ ನಿಂತಳು. ಮಂಚ ಯಾವ ಗೋಡೆಗಿತ್ತು? ಪೆಟ್ಟಿಗೆ ಮಂಚದ ತಲೆಯ ಕಡೆಯೋ ಕಾಲ ಕಡೆಯೋ? ಸ್ಟೂಲು ಒಲೆಯಿಂದ ಎಷ್ಟು ದೂರ? ವಾರಕ್ಕೊಮ್ಮೆಯಾದರೂ ಬರುತ್ತಿದ್ದ ಮನೆ, ಕಣ್ಣಿದ್ದೂ ಒಂದನ್ನೂ ನೋಡಿರಲಿಲ್ಲ. ಫೋನು ತೆಗೆದು ಬೆಳಗ್ಗೆ ತೆಗೆದ ಕೊಳಕಿನ ಫೋಟೊಗಳನ್ನು ಹುಡುಕಿದಳು. ಇದ್ದವು, ಬೇಕಾದಷ್ಟು. ಒಂದರಲ್ಲಿ ಗೋಡೆಯ ಮೂಲೆಯ ಜೇಡರ ಬಲೆ. ಇನ್ನೊಂದರಲ್ಲಿ ಒಲೆಯ ಹಿಂದಿನ ಮಸಿ. ಮತ್ತೊಂದರಲ್ಲಿ ಡಬ್ಬಿಯ ತುಕ್ಕು. ಹತ್ತಿರದಿಂದ, ಸ್ಪಷ್ಟವಾಗಿ. ಕೊಳಕು ಬಿಟ್ಟರೆ ಒಂದರಲ್ಲೂ ಮನೆ ಇರಲಿಲ್ಲ.

ರಾತ್ರಿ ಹೇಗೋ ಕಳೆಯಿತು. ಅಕ್ಕ ಅಲ್ಲೇ ಉಳಿದಳು. ದೊಡ್ಡಪ್ಪ ಊಟ ಮಾಡಿದರು, ಕೇಳಿದ್ದಕ್ಕೆ ಹ್ಞೂಂ ಅಂದರು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೆಳಗ್ಗೆ ಅವಳು ಗುಜರಿಯವನ ಹತ್ತಿರ ಓಡಿದಳು. ಸಾಮಾನಾದರೂ ಸಿಕ್ಕರೆ ಎಲ್ಲಿಡಬೇಕು ಅನ್ನುವುದನ್ನು ದೊಡ್ಡಪ್ಪನೇ ಹೇಳಿಯಾರು ಅನ್ನುವ ಆಸೆ. ಗುಜರಿಯವನು ಬಾಯಿ ತುಂಬ ಮಾತಾಡುವ ದಪ್ಪ ಆಸಾಮಿ, ಕನ್ನಡಕವನ್ನು ಯಾವಾಗಲೂ ಹಣೆಯ ಮೇಲೇ ಹಾಕಿಕೊಳ್ಳುವವನು. ಅವಳನ್ನು ನೋಡಿ ಎದ್ದು ಕುರ್ಚಿ ಒರೆಸಿದ.

"ಬನ್ನಿ ಅಕ್ಕಾ, ಬನ್ನಿ. ಸೋಮವಾರ ಆಯ್ತು, ಇನ್ನೂ ಯಾರೂ ಬಂದಿಲ್ವಲ್ಲ ಅಂತ ನೋಡ್ತಾ ಇದ್ದೆ. ಈ ಸಲ ನೀವೇ ಬಂದ್ರಾ? ಎಲ್ಲ ಹಾಗೇ ಇದೆ, ಮುಟ್ಟಿಲ್ಲ."

"ಯಾರು ಬರಬೇಕಿತ್ತು?" ಅಂದಳು ಅಕ್ಕ.

"ಮನೆಯವರು. ಭಾನುವಾರದ ಮನೆಯವರು."

ಅಕ್ಕನಿಗೆ ಅರ್ಥವಾಗಲಿಲ್ಲ. ಅವನು ಅವಳ ಮುಖ ನೋಡಿ, ತಾನೇ ಏನೋ ತಪ್ಪು ಹೇಳಿದೆನೇನೋ ಎಂದು ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡ. ಆಮೇಲೆ ಬಾಯಿ ಬಿಟ್ಟ, ಬಿಟ್ಟವನು ಮುಚ್ಚಲಿಲ್ಲ. ಬಳಗದ ಸಾಮಾನು ಬಂದ ಮಾರನೇ ದಿನ ಯಾರಾದರೂ ಬರದೆ ಇರುವುದಿಲ್ಲವಂತೆ. ಮೊದಲು ಬಂದದ್ದು ನರ್ಸಮ್ಮ, ಒಂದು ಮಂಚ ಹುಡುಕಿಕೊಂಡು. ಗಂಡ ಕೊನೆಯ ದಿನಗಳಲ್ಲಿ ಮಲಗಿದ್ದ ಮಂಚ ಅದು, ಒಂದು ಕಾಲು ಮುರಿದಿತ್ತು, ಬಳಗದವರು ಎಸೆದಿದ್ದರು. ಅವನು ಅಷ್ಟರಲ್ಲಿ ಅದನ್ನು ಒಡೆದು ಸೌದೆಗೆ ಹಾಕಿದ್ದ. ನರ್ಸಮ್ಮ ಅದರ ಒಂದು ಹಲಗೆಯನ್ನಾದರೂ ಕೊಡಿ ಅಂತ ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ಆಮೇಲೆ ಒಬ್ಬಳು ತಾಯಿ, ಮಗಳ ಎತ್ತರ ಗುರುತು ಹಾಕಿದ ಬಾಗಿಲು ಹುಡುಕಿಕೊಂಡು. ಆಮೇಲೆ ಒಬ್ಬ ಗಡ್ಡದ ಮನುಷ್ಯ, ಒಡೆದ ಕನ್ನಡಿಗೆ.

"ಅದಕ್ಕೇ ಈಗ ನಾನು ಸೋಮವಾರ ಏನೂ ಒಡೆಯೋದಿಲ್ಲ," ಅಂದ. "ಅವರದ್ದನ್ನ ಅವರಿಗೇ ಕೊಡ್ತೀನಿ. ಸುಮ್ನೆ ಅಲ್ಲ ಅನ್ನಿ, ನನಗೂ ಹೊಟ್ಟೆ ಇದೆ. ನಿಮ್ಮ ಬಳಗ ಇನ್ನೂ ಬೆಳೀಲಿ ಅಂತ ಒಳ್ಳೆ ಮನಸ್ಸಿಂದಲೇ ಹೇಳ್ತೀನಿ ಅಕ್ಕಾ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

"ನನಗೆ ಯಾರೂ ಹೇಳಲಿಲ್ಲ."

"ಹೇಗೆ ಹೇಳ್ತಾರೆ? ಅಷ್ಟು ಜನ ಬೆವರು ಸುರಿಸಿ, ಎದುರಿಗೆ ನಿಂತು ಚಪ್ಪಾಳೆ ಹೊಡೀತಿದ್ರೆ, ಯಾಕ್ರಪ್ಪಾ ಹೀಗೆ ಮಾಡಿದ್ರಿ ಅಂತ ಯಾರಾದ್ರೂ ಬಾಯಿ ಬಿಡ್ತಾರಾ?"

ಅಕ್ಕ ಒರೆಸಿಟ್ಟ ಕುರ್ಚಿಯಲ್ಲಿ ಕೂತಳು. ಅಂಗಡಿಯ ಗಾಜಿನ ಮೇಲಿದ್ದ ನರ್ಸಮ್ಮನ ಮುಖ ಕಣ್ಣ ಮುಂದೆ ಬಂತು. ಬಾಯಿಗೆ ಅಡ್ಡ ಹಿಡಿದ ಕೈ. ಆ ಕೈಯ ಹಿಂದೆ ಇದ್ದದ್ದು ಕೂಗು. ಆಮೇಲಿನ ಮುಖಗಳು ಒಂದೊಂದಾಗಿ ಬಂದವು, ಅಗಲವಾದ ಕಣ್ಣು, ತೆರೆದ ಬಾಯಿ, ಕುಸಿದ ಭುಜ. ಅವುಗಳನ್ನು ನೋಡಿ ಜನ ಅತ್ತಿದ್ದರು, ಹೆಸರು ಬರೆಸಿದ್ದರು, ಗೆಳೆಯರನ್ನು ಕರೆತಂದಿದ್ದರು. ಬಳಗ ಬೆಳೆದದ್ದೇ ಆ ಮುಖಗಳ ಮೇಲೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅನ್ನುತ್ತಾರೆ; ಈ ಹಲ್ಲಿ ತಾನು ಬಿದ್ದದ್ದಲ್ಲದೆ ಊರನ್ನೆಲ್ಲ ಎಳೆದುಕೊಂಡು ಬಿದ್ದಿತ್ತು.

ಕೈಯಲ್ಲಿದ್ದ ಫೋನು ಬಿಡುವಿಲ್ಲದೆ ನಡುಗುತ್ತಿತ್ತು. ಡ್ರಿಲ್ ಮಾಸ್ತರು. ನಿನ್ನೆಯ ವಿಡಿಯೊ ಎಲ್ಲೆಲ್ಲೋ ಹೋಗಿದೆಯಂತೆ. "ಸೇರ್ತೀವಿ ಅಂತ ಜನ ಮುಗಿಬಿದ್ದಿದ್ದಾರೆ," ಅಂದರು ಅವರು ಏದುಸಿರಲ್ಲಿ. "ದೊಡ್ಡಪ್ಪ ಬಾಗಿಲಲ್ಲಿ ತಲೆ ಮೇಲೆ ಕೈ ಇಟ್ಕೊಂಡ್ರಲ್ಲ, ಆ ಜಾಗ ನೋಡಿ ನೋಡಿ ಅಳ್ತಾರಂತೆ. ಈ ವಾರ ಶಾಲೆ ಹಾಲ್ ಸಾಲಲ್ಲ."

"ಮಾಸ್ತರೇ, ಯಾರನ್ನೂ ಸೇರಿಸ್ಕೋಬೇಡಿ," ಅಂದಳು ಅಕ್ಕ.

"ಹಾಂ?"

"ಆ ವಿಡಿಯೊ ಅಳಿಸಿ. ಭಾನುವಾರದ ಮನೆ ಇನ್ನಿಲ್ಲ. ಒಕ್ಕೂಟದವರಿಗೂ ನಾನೇ ಹೇಳ್ತೀನಿ." ಅಷ್ಟು ವರ್ಷ ಶಾಲೆಯ ಮೈದಾನವನ್ನೇ ನಡುಗಿಸಿದ ಗಂಟಲು ಮೆತ್ತಗಾಯಿತು. ನಿನಗೆ ಮೈ ಹುಷಾರಿಲ್ಲವೇನಮ್ಮಾ ಅಂದರು. ಅವಳು ಫೋನಿಟ್ಟಳು.

ಗಾಡಿಯಲ್ಲಿ ಸಾಮಾನು ಹೇರಿಸಿಕೊಂಡು ವಾಪಸ್ಸು ಬಂದಾಗ ದೊಡ್ಡಪ್ಪ ಅದೇ ಕುರ್ಚಿಯಲ್ಲಿ, ಅವರನ್ನು ಯಾವ ಕಡೆಗೆ ಮುಖ ಮಾಡಿ ಕೂರಿಸಿದ್ದರೋ ಅದೇ ಕಡೆಗೆ ಮುಖ ಮಾಡಿ ಕೂತಿದ್ದರು. ಅವಳು ಒಂದೊಂದನ್ನೇ ತಂದು ಅವರ ತೊಡೆಯ ಮೇಲಿಟ್ಟಳು. ಅವರು ಬೆರಳಾಡಿಸಿ, "ಇದು ಚಹಾಪುಡಿದು," ಅಂದರು. ಗೋಣಿತಾಟನ್ನು ಮೂಸಿ ನೋಡಿ, "ಒಲೆ ಮುಂದಿಂದು," ಅಂದರು. ಅಕ್ಕನಿಗೆ ಸ್ವಲ್ಪ ಜೀವ ಬಂದ ಹಾಗಾಯಿತು. ಕೊನೆಗೆ ಹುರಿ ತಂದಳು. ಬಳಗದವರು ಅದನ್ನೇ ಕತ್ತರಿಸಿ ಗುಜರಿಯ ಗಂಟು ಕಟ್ಟಲು ಬಳಸಿದ್ದರು, ಹಾಗಾಗಿ ಅದು ಹತ್ತಾರು ತುಂಡು. ದೊಡ್ಡಪ್ಪ ತುಂಡುಗಳನ್ನು ಬೊಗಸೆಯಲ್ಲಿ ಹಿಡಿದು, ಒಂದೊಂದು ಗಂಟನ್ನೂ ಹೆಬ್ಬೆರಳಿನಿಂದ ಉಜ್ಜಿದರು.

"ಇದು ಬಚ್ಚಲ ತಿರುವು ಇರ್ಬೇಕು," ಅಂದರು. ಇನ್ನೊಂದನ್ನು ಮುಟ್ಟಿ ನೋಡಿದರು. "ಇದೂ ಇರಬಹುದು." ಆಮೇಲೆ ಎಲ್ಲವನ್ನೂ ಕೆಳಗಿಟ್ಟರು.

"ನೀವು ಹೇಳಿ ದೊಡ್ಡಪ್ಪ, ಎಲ್ಲೆಲ್ಲಿ ಏನೇನಿತ್ತು ಅಂತ. ನಾನು ಇಡ್ತೀನಿ. ಒಂದು ಬೆರಳು ಆಚೀಚೆ ಆಗದ ಹಾಗೆ ಇಡ್ತೀನಿ."

"ನನಗೇನು ಗೊತ್ತು?" ಅಂದರು ಅವರು. "ಎಲ್ಲಿತ್ತು ಅಂತ ತಲೆಗೆ ಯಾವತ್ತು ಗೊತ್ತಿತ್ತು? ಎದ್ದರೆ ಕಾಲು ಹೋಗ್ತಿತ್ತು, ಚಾಚಿದರೆ ಕೈಗೆ ಸಿಗ್ತಿತ್ತು. ನಿನ್ನೆಯಿಂದ ಕೂತು ಯೋಚನೆ ಮಾಡ್ತಾ ಇದೀನಿ. ಸ್ಟೂಲು ಒಲೆಯಿಂದ ಎಷ್ಟು ದೂರ ಅಂತ ಯೋಚನೆ ಮಾಡಿದಷ್ಟೂ ಮರೆತು ಹೋಗ್ತಿದೆ." ಕೆಳಗಿಟ್ಟ ಒಂದು ತುಂಡನ್ನು ಮತ್ತೆ ಕೈಗೆತ್ತಿಕೊಂಡರು. "ಈ ಮನೇನ ಕಲಿಯೋಕೆ ಶುರು ಮಾಡಿದಾಗ ನಾನು ಹುಡುಗ. ನಿಮ್ಮಪ್ಪ ಹಿಂದಿನಿಂದ ಬರ್ತಿದ್ದ, ಬಿದ್ದರೆ ಎತ್ತೋಕೆ. ಎಷ್ಟು ಸಲ ಬಿದ್ದೆ ಅಂತ ಲೆಕ್ಕ ಇಟ್ಟವರಿಲ್ಲ. ಈಗ ಈ ವಯಸ್ಸಿಗೆ ಒಂದು ಸಲ ಬಿದ್ದರೆ ಮುಗೀತು."

ಅಕ್ಕ ಅವರ ಕಾಲ ಹತ್ತಿರ ಕೂತಳು. ಇನ್ನು ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ನೀನಿದೀಯಲ್ಲ ಅಂತ ಕೀಲಿ ಕೊಟ್ಟೆ," ಅಂದರು ದೊಡ್ಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. "ಬೇರೆಯವರಾಗಿದ್ರೆ ಕೊಡ್ತಿರಲಿಲ್ಲ. ಯಾಕಮ್ಮಾ ಹೀಗಾಯ್ತು?"

ಸುಳ್ಳು ಹೇಳಬಹುದಿತ್ತು. ಬಳಗದವರು ಮಾಡಿಬಿಟ್ಟರು, ನಾನು ನೋಡಲಿಲ್ಲ ಅನ್ನಬಹುದಿತ್ತು. "ಮರೆತುಬಿಟ್ಟಿದ್ದೆ ದೊಡ್ಡಪ್ಪ," ಅಂದಳು ಅಕ್ಕ. "ನಿಮಗೆ ಕಾಣಿಸೋದಿಲ್ಲ ಅನ್ನೋದು ನನಗೆ ಮರೆತೇ ಹೋಗಿತ್ತು."

ದೊಡ್ಡಪ್ಪ ತಲೆ ಎತ್ತಿದರು. ಆಮೇಲೆ ನಗತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು. ಅಕ್ಕ ಬೆದರಿ ಅಳು ನಿಲ್ಲಿಸಿದಳು.

"ಗೆದ್ದೆ ನೋಡು ನಾನು," ಅಂದರು ನಗುವಿನ ನಡುವೆ. "ಜನ ಮರೀಲಿ ಅಂತಾನೇ ಅಲ್ವಾ ಜನ್ಮ ಎಲ್ಲ ಒದ್ದಾಡಿದ್ದು? ಯಾರಾದರೂ ಒಬ್ಬರು ಪೂರ್ತಿ ಮರೆತರೆ ಸಾಕು ಅನ್ಕೊಂಡಿದ್ದೆ. ನೀನು ಮರೆತೆ." ನಗು ತಾನಾಗಿಯೇ ನಿಂತಿತು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಮನೆಯೊಳಗೆ ಬಣ್ಣದ ವಾಸನೆ ಇನ್ನೂ ಗಾಢವಾಗಿತ್ತು.

"ನಿಮ್ಮ ಬಳಗದಲ್ಲಿ ಒಬ್ಬರೇ ಇರೋರಿಗೆ ಸಹಾಯಕ್ಕೆ ಜನ ಕಳಿಸ್ತೀರಲ್ಲ," ಅಂದರು ದೊಡ್ಡಪ್ಪ. "ಇಷ್ಟು ದಿನ ನನಗೆ ಬೇಕಿರಲಿಲ್ಲ. ಇನ್ನು ಬೇಕು. ನನ್ನನ್ನೂ ಸೇರಿಸ್ಕೊ. ಬೆಳಗ್ಗೆ ಒಬ್ಬರು ಬಂದು ಬಚ್ಚಲಿಗೆ ಕರ್ಕೊಂಡು ಹೋಗ್ಬೇಕು, ಚಹಾ ಮಾಡಿ ಕೊಡ್ಬೇಕು. ನಾಳೆಯಿಂದಲೇ ಆಗ್ಬೇಕು. ಯಾರನ್ನ ಕಳಿಸ್ತೀಯ?"

ಅಕ್ಕ ಬಳಗದ ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ನೆನೆದಳು. ಭಾನುವಾರಕ್ಕೆ ಓಡಿ ಬರುವವರು ಅಷ್ಟೂ ಜನ. ಯಾವುದೋ ಒಂದು ಮಂಗಳವಾರ ಬೆಳಗ್ಗೆ, ಯಾರೂ ನೋಡದಿರುವಾಗ, ಒಬ್ಬ ಮುದುಕರನ್ನು ಬಚ್ಚಲಿಗೆ ಕರೆದೊಯ್ಯಲು ಬರುವವರ ಹೆಸರು ಒಂದೂ ಅವಳ ಬಾಯಿಗೆ ಬರಲಿಲ್ಲ.

"ನಾನೇ ಬರ್ತೀನಿ ದೊಡ್ಡಪ್ಪ. ದಿನಾ ಬರ್ತೀನಿ," ಅಂದಳು.

"ನೀನು ಬೇಡಮ್ಮ," ಅಂದರು ಅವರು. "ನೀನು ಮರೆತುಬಿಡ್ತೀಯ."